ಮೂಲತಃ ಸಾಹೇಬರ ಬಿ-ಟ್ರೀ ಭಕ್ತಿ

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಬಳದ ಚೀಟಿಯ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಆಫೀಸಿನವರೆಲ್ಲ ಅವರನ್ನು 'ಮೂಲತಃ ಸಾಹೇಬರು' ಅನ್ನುತ್ತಿದ್ದರು. ಯಾವ ಮಾತನ್ನೂ ಅವರು ಈ 'ಮೂಲತಃ' ಇಲ್ಲದೆ ಶುರು ಮಾಡಿದವರಲ್ಲ. ಲಿಫ್ಟ್ ಕೆಟ್ಟಿದೆಯಾ ಸಾರ್ ಎಂದು ಯಾರಾದರೂ ಕೇಳಿದರೆ, "ಮೂಲತಃ ಲಿಫ್ಟ್ ಅನ್ನೋದು ಏನು?" ಎಂದು ಶುರುವಾಗುತ್ತಿತ್ತು. ಕೇಳಿದವನು ಮೆಟ್ಟಿಲು ಹತ್ತಿ ತನ್ನ ಜಾಗದಲ್ಲಿ ಕೂತು ಬೆವರು ಒರೆಸಿಕೊಂಡರೂ ಕೆಳಗೆ ಆ ಮಾತಿನ್ನೂ ನಡೆಯುತ್ತಲೇ ಇರುತ್ತಿತ್ತು.

ಕಂಪನಿ ಮನೆಬಳಕೆಯ ಯಂತ್ರಗಳ ಬಿಡಿಭಾಗ ಮಾರುವಂಥದ್ದು. ವಾಷಿಂಗ್ ಮೆಶಿನ್ನಿನ ಬೆಲ್ಟು, ಮಿಕ್ಸಿ ಜಾರಿನ ಮುಚ್ಚಳ, ಫ್ರಿಜ್ ಬಾಗಿಲಿನ ರಬ್ಬರು, ಇಂಥವೇ. ನೆಲಮಹಡಿಯಲ್ಲಿ ಕೌಂಟರು, ಅದರ ಮೇಲೆ ಗೋದಾಮು, ಅದರ ಮೇಲೆ ಆಫೀಸು. ಆಫೀಸಿನ ಮೂಲೆಯಲ್ಲಿ, ಏಸಿಯ ಗಾಳಿ ನೇರ ನೆತ್ತಿಗೆ ಬೀಳುವ ಕಡೆ, ಮೂಲತಃ ಸಾಹೇಬರ ಮೇಜು. ಕಂಪನಿಯ ಡೇಟಾಬೇಸು ಅವರ ಸುಪರ್ದಿನಲ್ಲಿತ್ತು. ಅಥವಾ ಅವರು ಹೇಳುವ ಪ್ರಕಾರ, ಕಂಪನಿಯೇ ಅವರ ಸುಪರ್ದಿನಲ್ಲಿತ್ತು.

ಅವರು ಬಂದದ್ದು ಸ್ಟಾಕ್ ಟೈಪ್ ಮಾಡುವ ಕೆಲಸಕ್ಕೆ. ಒಂದು ಸಲ ಬಿಲ್ ನಂಬರ್ ಹಾಕಿ ಹುಡುಕುವುದು ಬಸವನಹುಳದ ಗತಿಗೆ ಇಳಿದಿತ್ತು. ಇವರು ಎಲ್ಲೋ ಓದಿಕೊಂಡು ಬಂದು ಆ ಕಾಲಂ ಮೇಲೆ ಬಿ-ಟ್ರೀ ಎಂಬ ಮಾಮೂಲಿ ಇಂಡೆಕ್ಸ್ ಹಾಕಿದರು. ಅಂದರೆ ನಂಬರುಗಳನ್ನೆಲ್ಲ ನಿಘಂಟಿನ ಹಾಗೆ ಅನುಕ್ರಮದಲ್ಲಿ ಜೋಡಿಸಿಡುವುದು. ಬೇಕಾದದ್ದನ್ನು ಹುಡುಕಲು ಪುಟಪುಟ ತಿರುವಬೇಕಿಲ್ಲ, ನಡುವೆ ತೆಗೆದು ಹಿಂದೆಯೋ ಮುಂದೆಯೋ ಎಂದು ನೋಡಿಕೊಂಡರಾಯಿತು. ಬಿಲ್ಲು ತಟ್ಟನೆ ಬಂತು. ಯಜಮಾನರು ಬೆನ್ನು ತಟ್ಟಿದರು. ಆ ಬೆನ್ನು ಇವತ್ತಿಗೂ ತಣ್ಣಗಾಗಿಲ್ಲ. ಅಂದಿನಿಂದ ಡೇಟಾಬೇಸಿಗೆ ನೆಗಡಿಯಾದರೂ ಬಿ-ಟ್ರೀ, ಕಾಲು ಮುರಿದರೂ ಬಿ-ಟ್ರೀ. ಹೆಂಡತಿ ಹೇಳುವ ಹಾಗೆ, "ಇವರ ಹತ್ರ ಇರೋದು ಒಂದೇ ಮಾತ್ರೆ. ಕಾಯಿಲೆ ಯಾವುದು ಅಂತ ಕೇಳೋ ಅಭ್ಯಾಸ ಇಲ್ಲ."

ತೊಂದರೆ ಬಂದದ್ದು ಬಿಡಿಭಾಗಗಳ ಟೇಬಲ್ಲಿನಲ್ಲಿ. ಒಂದು ಫ್ರಿಜ್ ರಬ್ಬರು ಹತ್ತಾರು ಮಾಡೆಲ್ಲಿಗೆ ಹೊಂದುತ್ತದೆ. ಆ ಮಾಡೆಲ್ಲುಗಳ ಪಟ್ಟಿಯನ್ನೆಲ್ಲ ಒಂದೇ ಖಾನೆಯೊಳಗೆ ತುಂಬಿಟ್ಟಿದ್ದರು. ಕಸುಬಿನವರು ಇದಕ್ಕೆ ಅರೇ ಎನ್ನುತ್ತಾರೆ. ಗಿರಾಕಿ ಬಂದು ತನ್ನ ಫ್ರಿಜ್ಜಿನ ಮಾಡೆಲ್ ಒಂದನ್ನು ಹೇಳುತ್ತಾನೆ. ಯಾವ ಯಾವ ಪಟ್ಟಿಯಲ್ಲಿ ಆ ಮಾಡೆಲ್ ಇದೆ ಎಂದು ಡೇಟಾಬೇಸು ಲಕ್ಷಗಟ್ಟಲೆ ಸಾಲುಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತದೆ. ಅಲ್ಲಿಯವರೆಗೆ ಗಿರಾಕಿ ಕೌಂಟರಿನ ಗಾಜಿನ ಮೇಲೆ ಬೆರಳು ಕುಟ್ಟುತ್ತಾನೆ.

ಆ ಕೌಂಟರಿನ ಅಧಿಪತಿ ಮೂಲತಃ ಸಾಹೇಬರ ಅಕ್ಕನ ಗಂಡ. ಭಾವನಿಗೂ ತಮ್ಮ ಸ್ಥಾನದ ಬಗ್ಗೆ ಅಭಿಪ್ರಾಯ ಕಡಿಮೆಯೇನಿರಲಿಲ್ಲ. ಬರೆಯುವಂಥದ್ದು ಏನೂ ಇಲ್ಲದಿದ್ದರೂ ಕಿವಿಯ ಮೇಲೊಂದು ಪೆನ್ನು ಸಿಕ್ಕಿಸಿಕೊಂಡು, ಗಿರಾಕಿಗಳನ್ನು ನ್ಯಾಯಾಧೀಶರ ಹಾಗೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಎರಡೂ ಸಂಸಾರ ಒಂದೇ ಕಟ್ಟಡದಲ್ಲಿ, ಒಂದರ ಮೇಲೊಂದು ಮನೆಯಲ್ಲಿ. ಭಾನುವಾರದ ಊಟ ಒಟ್ಟಿಗೆ.

"ಏನಪ್ಪಾ ಭಾಮೈದ," ಎಂದು ಭಾವ ಶುರು ಮಾಡಿದರು ಒಂದು ಭಾನುವಾರ, "ನಿನ್ನೆ ಒಬ್ಬರು ಫ್ರಿಜ್ ರಬ್ಬರಿಗೆ ಬಂದಿದ್ರು. ನಿನ್ನ ಮೆಶಿನ್ ಹುಡುಕಿ ಹೇಳೋ ಹೊತ್ತಿಗೆ, ಹೊಸ ಫ್ರಿಜ್ಜೇ ತಗೊಳ್ತೀನಿ ಬಿಡಿ ಅಂತ ಎದ್ದು ಹೋದ್ರು."

"ಮೂಲತಃ ಭಾವ, ಅದು ನೆಟ್‌ವರ್ಕ್ ಸಮಸ್ಯೆ."

"ನೆಟ್‌ವರ್ಕ್ ಅಂದ್ರೆ ಗೋಡೇಲಿರೋ ನೀಲಿ ವೈರ್ ತಾನೆ? ಅದನ್ನ ಮೊನ್ನೆ ಬದಲಾಯ್ಸಿದ್ರಲ್ಲ."

"ಹಾಗಾದ್ರೆ ಕೌಂಟರಲ್ಲಿ ಟೈಪ್ ಮಾಡೋರ ಸಮಸ್ಯೆ."

"ಟೈಪ್ ಮಾಡೋನು ನಾನೇ ಕಣಯ್ಯಾ!"

"ಊಟ ಆರ್ತಿದೆ," ಎಂದಳು ಅಕ್ಕ. "ನಿಮ್ಮ ಮೆಶಿನ್ ಜಗಳ ನಾಳೆ ಆಫೀಸಲ್ಲಿ ಇಟ್ಕೊಳ್ಳಿ. ಸಂಬಳ ಕೊಡೋದು ಅಲ್ಲಿ, ಇಲ್ಲಲ್ಲ."

ಆಫೀಸಿನಲ್ಲಿ ಜಗಳವೇನೂ ಕಡಿಮೆ ಇರಲಿಲ್ಲ. ಅಲ್ಲಿ ಇನ್ನೊಬ್ಬರು ಇಂಜಿನಿಯರ್ ಇದ್ದರು. ಏನು ಹೇಳಿದರೂ "ಪ್ಲಾನ್ ತೋರ್ಸಿ" ಎನ್ನುವುದರಿಂದ ಅವರಿಗೆ ಪ್ಲಾನ್ ಮೇಡಂ ಎಂದು ಹೆಸರು. ಒಂದು ಪ್ರಶ್ನೆಗೆ ಉತ್ತರ ಹುಡುಕಲು ತಾನು ಯಾವ ದಾರಿ ಹಿಡಿದೆ ಎಂದು ಡೇಟಾಬೇಸು ಬರೆದು ತೋರಿಸುತ್ತದೆ, ಅದೇ ಪ್ಲಾನು. ಮೇಡಂ ಅದನ್ನು ಬೇರೆಯವರು ದಿನಭವಿಷ್ಯ ಓದುವಷ್ಟು ಶ್ರದ್ಧೆಯಿಂದ ಓದುತ್ತಿದ್ದರು. ಅವರು ಹೇಳುವುದು ಸಾಮಾನ್ಯವಾಗಿ ಸರಿಯಿರುತ್ತಿತ್ತು. ಹೇಳುವ ರೀತಿ ಮಾತ್ರ, ಎದುರಿಗಿದ್ದವರೆಲ್ಲ ಮೂರನೇ ಕ್ಲಾಸಿನ ಮಕ್ಕಳು ಎಂಬಂತೆ. ಮೀಟಿಂಗಿನಲ್ಲಿ ಎದ್ದುನಿಂತು ಅವರು ಪಾಠ ಮಾಡಿದರು.

"ನೋಡಿ, ಮನೇಲಿ ಫೋಟೋ ಇಟ್ಟಿರ್ತೀರಿ. ಒಂದೊಂದು ಫೋಟೋದಲ್ಲಿ ಹತ್ತು ಜನ. ಬಿ-ಟ್ರೀ ಇಡೀ ಫೋಟೋನ ಒಂದೇ ವಸ್ತು ಅಂದ್ಕೊಂಡು ಜೋಡಿಸುತ್ತೆ. ಇದೇ ಹತ್ತು ಜನ, ಇದೇ ಸಾಲಲ್ಲಿ ನಿಂತಿರೋ ಫೋಟೋ ಇದೆಯಾ ಅಂದ್ರೆ ತಟ್ಟನೆ ಕೊಡುತ್ತೆ. ಆದ್ರೆ ಚಿಕ್ಕಮ್ಮ ಇರೋ ಫೋಟೋ ಎಲ್ಲಾ ಕೊಡು ಅಂದ್ರೆ ಅದಕ್ಕೆ ಗೊತ್ತಿಲ್ಲ. ಮತ್ತೆ ಪೆಟ್ಟಿಗೆ ಪೂರ್ತಿ ಸುರೀಬೇಕು. ಜಿನ್ ಅಂತ ಇನ್ನೊಂದು ಇಂಡೆಕ್ಸ್ ಇದೆ. ಅದು ಒಬ್ಬೊಬ್ಬರ ಹೆಸರು ಬರೆದು, ಅವರು ಯಾವ ಯಾವ ಫೋಟೋದಲ್ಲಿದಾರೆ ಅಂತ ಮುಂದೆ ಗುರುತು ಹಾಕಿಡುತ್ತೆ. ಹೊಸ ಫೋಟೋ ಸೇರಿಸುವಾಗ ಹತ್ತು ಕಡೆ ಬರೀಬೇಕು, ಸ್ವಲ್ಪ ನಿಧಾನ. ಆದ್ರೆ ನಾವು ಸೇರಿಸೋದಕ್ಕಿಂತ ಹುಡುಕೋದೇ ಜಾಸ್ತಿ."

ಎಲ್ಲರಿಗೂ ಅರ್ಥವಾಯಿತು. ಅದೇ ಮೂಲತಃ ಸಾಹೇಬರಿಗೆ ಸಹಿಸಲಾಗದೆ ಹೋದದ್ದು. ಅವರು ಮಾತಾಡಿದ ಮೀಟಿಂಗಿನಿಂದ ಯಾರೂ ಯಾವತ್ತೂ ಏನನ್ನೂ ಅರ್ಥ ಮಾಡಿಕೊಂಡು ಎದ್ದು ಹೋಗಿರಲಿಲ್ಲ.

"ಮೂಲತಃ," ಎಂದರು ಅವರು, ಲ್ಯಾಪ್‌ಟಾಪ್ ತಿರುಗಿಸುತ್ತ, "ನಾನಿದನ್ನ ಆಗಲೇ ಪರೀಕ್ಷೆ ಮಾಡಿದೀನಿ. ಇಲ್ಲಿ ನೋಡಿ, ನಿಮ್ಮ ಜಿನ್ ಹಾಕಿದೀನಿ. ಡೇಟಾಬೇಸು ಅದನ್ನ ಮೂಸಿ ಕೂಡ ನೋಡಿಲ್ಲ. ಟೇಬಲ್ಲನ್ನ ನೇರವಾಗಿ ಓದ್ಕೊಂಡು ಹೋಗಿದೆ. ಡೇಟಾಬೇಸಿಗೇ ಬೇಡವಾದ ಇಂಡೆಕ್ಸ್ ನಮಗ್ಯಾಕೆ ಮೇಡಂ?"

ಅವರ ಲ್ಯಾಪ್‌ಟಾಪಿನಲ್ಲಿದ್ದ ಟೇಬಲ್ಲಿನಲ್ಲಿ ಮಾದರಿಗೆಂದು ಹಾಕಿಕೊಂಡಿದ್ದ ನಲವತ್ತು ಸಾಲುಗಳಿದ್ದವು. ನಲವತ್ತು ಸಾಲಿಗೆ ಯಾವ ಡೇಟಾಬೇಸೂ ಇಂಡೆಕ್ಸ್ ತೆಗೆಯುವ ಗೋಜಿಗೆ ಹೋಗುವುದಿಲ್ಲ. ಕಣ್ಣೆದುರು ಕೂತಿರುವ ಮಗನನ್ನು ಕರೆಯಲು ಯಾರೂ ಫೋನ್ ಮಾಡುವುದಿಲ್ಲ. ಮೇಡಂ ಇದನ್ನು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾಫಿ ಬಂತು, ಯಜಮಾನರು "ಹಿರಿಯರು ನೋಡಿ ಹೇಳಿದಾರಲ್ಲ" ಎಂದರು, ಮೀಟಿಂಗ್ ಮುಗಿಯಿತು. ಮೇಡಂ ಅವತ್ತೇ ಎಲ್ಲರಿಗೂ ಮೇಲ್ ಬರೆದರು. ಅದು ಎಷ್ಟು ಉದ್ದವಿತ್ತೆಂದರೆ, ಕೊನೆಯ ಸಾಲಿನವರೆಗೆ ಹೋದವರು ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ.

ಅರೇ ಕಾಲಂ ಮೇಲೆ ಬಿ-ಟ್ರೀ ಸ್ಥಾಪನೆಯಾಯಿತು. ಅದು ಡಿಸ್ಕಿನಲ್ಲಿ ಜಾಗ ಹಿಡಿದು ಅತ್ತೆಮನೆಗೆ ಬಂದ ಅಳಿಯನ ಹಾಗೆ ಕೂತಿತು. ಯಾರೂ ಅದಕ್ಕೆ ಕೆಲಸ ಹೇಳಲಿಲ್ಲ, ಅದೂ ಮಾಡಲಿಲ್ಲ. ಕೌಂಟರಿನ ಸಾಲು ಬಾಗಿಲು ದಾಟಿ ಬೀದಿಗೆ ಬಂತು.

ಕಡೆಗೆ ಯಜಮಾನರೇ ಮೇಲೆ ಬಂದರು. ಅವರಿಗೆ ಕಂಪ್ಯೂಟರಿನ ಬಗ್ಗೆ ಗೊತ್ತಿದ್ದದ್ದು ಅದನ್ನು ಆರಿಸಿ ಮತ್ತೆ ಹಾಕಬೇಕೆಂಬುದಷ್ಟೇ. ಆದರೆ ಬೀದಿಗೆ ಬಂದ ಸಾಲು ಎದುರಂಗಡಿಯತ್ತ ಬಾಗುವುದು ಅವರಿಗೆ ಕಾಣಿಸುತ್ತಿತ್ತು.

"ಹೊಸದಾಗಿ ಬಾಗಿಲು ಇಡಿಸಿದ ಆ ಕೋಣೆ ನೋಡಿದೀರಲ್ಲ?" ಎಂದರು. "ಡೇಟಾ ವಿಭಾಗದ ಮುಖ್ಯಸ್ಥರಿಗೆ ಅಂತ ಮಾಡ್ಸಿದ್ದು. ಸೋಮವಾರ ಬೆಳಿಗ್ಗೆ ನಾನೇ ಕೌಂಟರಿಗೆ ಬಂದು ನಿಂತ್ಕೊಳ್ತೀನಿ. ಈ ಹುಡುಕಾಟಾನ ಯಾರು ಓಡಿಸ್ತೀರೋ ಅವರಿಗೆ ಕೋಣೆ. ಓಡ್ಲಿಲ್ಲ ಅಂದ್ರೆ ಹೊರಗಿಂದ ರೆಡಿಮೇಡ್ ಸಾಫ್ಟ್‌ವೇರ್ ತರ್ತೀನಿ. ಕೋಣೇನ ರಟ್ಟಿನ ಡಬ್ಬ ಇಡೋಕೆ ಉಪಯೋಗಿಸ್ತೀನಿ."

ಮೂಲತಃ ಸಾಹೇಬರಿಗೆ ಆ ಕೋಣೆ ಹೊಸದೇನಲ್ಲ. ಅವರು ಮನಸ್ಸಿನಲ್ಲಿ ಆಗಲೇ ಅದರೊಳಗೆ ವಾಸವಿದ್ದರು. ಕುರ್ಚಿ ಯಾವ ದಿಕ್ಕಿಗೆ, ಬಂದವರು ಎಷ್ಟು ಹೊತ್ತು ನಿಂತಿರಬೇಕು, ಬಾಗಿಲು ತಟ್ಟಿದಾಗ ತಕ್ಷಣ ಬನ್ನಿ ಅನ್ನಬೇಕೋ ಸ್ವಲ್ಪ ತಡೆದು ಅನ್ನಬೇಕೋ, ಎಲ್ಲ ತೀರ್ಮಾನವಾಗಿತ್ತು. ಪಡೆಯುವುದೊಂದೇ ಬಾಕಿ. ಅದಕ್ಕೆ ಅಡ್ಡಿಯಾಗಿದ್ದುದು ಮೇಡಮ್ಮಿನ ಜಿನ್ನು. ಅದನ್ನು ಎಲ್ಲರೆದುರು ಮಣ್ಣು ಮಾಡಿಬಿಟ್ಟರೆ ಮಿಕ್ಕದ್ದು ತಾನಾಗಿ ಆಗುತ್ತದೆ ಎಂದುಕೊಂಡರು.

ಮಗನ ಶಾಲೆಗೆ ಹೋಗಬೇಕೆಂದು ಮೇಡಂ ರಜೆ ಹಾಕಿದ ದಿನ ನೋಡಿ, ಸಾಹೇಬರು ಇಡೀ ಡೇಟಾದ ಒಂದು ನಕಲನ್ನು ಬೇರೆ ಮೆಶಿನ್ನಿಗೆ ಹಾಕಿಕೊಂಡರು. ಈ ಸಲ ನಲವತ್ತು ಸಾಲಲ್ಲ, ಲಕ್ಷಗಟ್ಟಲೆ. ಜಿನ್ ಇಂಡೆಕ್ಸ್ ಕಟ್ಟಿದರು. ಕಾಫಿ ಕುಡಿದು ಮುಗಿಸುವುದರೊಳಗೆ ಕಟ್ಟಿ ಮುಗಿಯಿತು. ಕೌಂಟರಿನಿಂದ ಡೇಟಾಬೇಸಿಗೆ ಹೋಗುವ ಪ್ರಶ್ನೆಯನ್ನು ಓಡಿಸಿದರು. ಆಮೆ! ಅದೇ ಹಳೆಯ ಆಮೆ! ಇಂಡೆಕ್ಸನ್ನು ಡೇಟಾಬೇಸು ಈ ಸಲವೂ ಮುಟ್ಟಿರಲಿಲ್ಲ. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಏಸಿಗೆ ಮುಖವೊಡ್ಡಿ, ಒಂದು ಕ್ಷಣ ಕಣ್ಣು ಮುಚ್ಚಿ ಸುಖಪಟ್ಟರು.

ಇದರ ಚಿತ್ರ ತೆಗೆದು ಎಲ್ಲರಿಗೂ ಕಳಿಸಬೇಕೆಂದುಕೊಂಡರು. ಆದರೆ ಮೇಡಂ ಸುಮ್ಮನಿರುವ ಪೈಕಿಯಲ್ಲ. ಎಲ್ಲೋ ಒಂದು ತೂತು ಹುಡುಕುತ್ತಾರೆ. ಇರುವ ತೂತನ್ನೆಲ್ಲ ಮುಚ್ಚೇ ಕಳಿಸೋಣ ಎಂದು ಆ ಹಳೆಯ ಉದ್ದದ ಮೇಲನ್ನು ತೆರೆದು, ಜೀವಮಾನದಲ್ಲಿ ಮೊದಲ ಸಲ ಕೊನೆಯವರೆಗೆ ಓದಿದರು. ತಳದಲ್ಲಿ ಬರೆದಿತ್ತು: ಇಂಡೆಕ್ಸ್ ಒಂದೇ ಹಾಕಿದರೆ ಸಾಲದು, ಕೌಂಟರಿನ ಪ್ರಶ್ನೆಯನ್ನೂ ಬದಲಾಯಿಸಬೇಕು. ಈಗಿನ ಪ್ರಶ್ನೆ 'ಪಟ್ಟಿಯಲ್ಲಿ ಒಂದೊಂದನ್ನೇ ತೆಗೆದು ಈ ಮಾಡೆಲ್ಲಿಗೆ ಸಮವೇ ನೋಡು' ಎನ್ನುತ್ತದೆ. ಅದಕ್ಕೆ ಜಿನ್ ಉತ್ತರಿಸುವುದಿಲ್ಲ. 'ಯಾವ ಪಟ್ಟಿ ಈ ಮಾಡೆಲ್ಲನ್ನು ಒಳಗೊಂಡಿದೆ' ಎಂದು ಕೇಳಿದರೆ ಉತ್ತರಿಸುತ್ತದೆ. ಹೊಸ ಪ್ರಶ್ನೆ ಹೀಗಿರಬೇಕು, ಎಂದು ಅದನ್ನೂ ಬರೆದು ಕೊಟ್ಟಿದ್ದರು.

ಈಗಿನ ಪ್ರಶ್ನೆಯನ್ನು ಬರೆದವರು ಮೂಲತಃ ಸಾಹೇಬರೇ. ಬಹಳ ವರ್ಷದ ಹಿಂದೆ. ಅದಕ್ಕೆ ಕೈ ಹಾಕುವ ಧೈರ್ಯ ಯಾರೂ ಮಾಡಿರಲಿಲ್ಲ.

"ಇದೂ ಒಂದು ಆಗೋಗ್ಲಿ," ಎಂದು ಗೊಣಗಿ, ಮೇಡಂ ಬರೆದದ್ದನ್ನು ಹಾಗೇ ಎತ್ತಿ ಹಾಕಿ ಕೀಲಿ ಒತ್ತಿದರು. ಬೆರಳು ಮೇಲೇಳುವ ಮುಂಚೆ ಉತ್ತರ ಬಂದು ಕೂತಿತ್ತು.

ಏನೋ ತಪ್ಪಾಗಿದೆ ಎಂದು ಬೇರೆ ಮಾಡೆಲ್ ಹಾಕಿದರು. ಬಂತು. ಇನ್ನೊಂದು ಹಾಕಿದರು. ಬಂತು. ಏಸಿ ಜೋರಾಗಿ ತಿರುಗುತ್ತಿದ್ದರೂ ಅಂಗಿಯ ಬೆನ್ನು ಒದ್ದೆಯಾಯಿತು. ಇಂಡೆಕ್ಸಿನಲ್ಲಿ ಏನೂ ಐಬಿರಲಿಲ್ಲ. ಐಬಿದ್ದುದು ತಾವು ಕೇಳುತ್ತಿದ್ದ ರೀತಿಯಲ್ಲಿ.

ನೇರವಂತಿಕೆಯವನಾಗಿದ್ದರೆ ಮೇಡಮ್ಮಿಗೆ ಒಂದು ಫೋನ್ ಮಾಡುತ್ತಿದ್ದ. ಪೂರಾ ಕಳ್ಳನಾಗಿದ್ದರೆ ಎಲ್ಲವನ್ನೂ ಅಳಿಸಿ ಸುಮ್ಮನಾಗುತ್ತಿದ್ದ. ಮೂಲತಃ ಸಾಹೇಬರು ಎರಡೂ ಅಲ್ಲ, ಅವರು ಹಿರಿಯರು. ಹಿರಿಯರಿಗೆಂದೇ ಮೂರನೆಯ ದಾರಿಯೊಂದಿದೆ. ಕೌಂಟರಿನ ಪ್ರಶ್ನೆಯನ್ನು ಅಂದೇ ಸದ್ದಿಲ್ಲದೆ ಬದಲಾಯಿಸಿದರು. ಇಂಡೆಕ್ಸ್ ಇಲ್ಲದೆ ಅದು ಮೊದಲಿನಷ್ಟೇ ನಿಧಾನ, ಯಾರಿಗೂ ತಿಳಿಯುವಂತಿಲ್ಲ. ಜಿನ್ ಇಂಡೆಕ್ಸನ್ನು ಮಾತ್ರ ಸೋಮವಾರ, ಯಜಮಾನರು ಕೌಂಟರಿನಲ್ಲಿ ನಿಂತಿರುವಾಗಲೇ, ಮೇಲಿನಿಂದ ಕಟ್ಟುವುದು. ಅದಕ್ಕೆ 'ಹಿರಿಯ ವಿಶೇಷ' ಎಂದು ಹೆಸರಿಡುವುದು. ಆಮೆ ಎಲ್ಲರ ಕಣ್ಣೆದುರು ಕುದುರೆಯಾಗುವುದು. ಹೇಗೆ ಎಂದು ಕೇಳಿದರೆ, "ಮೂಲತಃ ಅದೊಂದು ದೊಡ್ಡ ವಿಷಯ" ಎನ್ನುವುದು.

ಕೆಲಸ ನಿಲ್ಲಿಸದೆ ಇಂಡೆಕ್ಸ್ ಕಟ್ಟುವ ವಿಧಾನವೊಂದಿದೆ. ಅದು ಸಾಹೇಬರಿಗೆ ಗೊತ್ತಿತ್ತು. ಆದರೆ ಅದು ನಿಧಾನ. ಯಜಮಾನರು ಬೇಸತ್ತು ಹೋಗಿಬಿಟ್ಟರೆ ಕುದುರೆಯನ್ನು ನೋಡುವವರಾರು? ಮಾಮೂಲಿ ವಿಧಾನದಲ್ಲಿ ಕಟ್ಟುವಷ್ಟು ಹೊತ್ತು ಟೇಬಲ್ಲಿಗೆ ಯಾರೂ ಏನೂ ಬರೆಯುವಂತಿಲ್ಲ. ಬರೆಯದಿದ್ದರೆ ಬಿಡಲಿ, ಕಾಫಿ ಕುಡಿಯುವಷ್ಟು ಹೊತ್ತು ತಾನೆ ಎಂದುಕೊಂಡರು. ಕಾಫಿ ಕುಡಿದ ದಿನ ಆ ಮೆಶಿನ್ನಿನಲ್ಲಿ ಅವರೊಬ್ಬರೇ ಇದ್ದದ್ದು ನೆನಪಾಗಲಿಲ್ಲ.

ಸೋಮವಾರ ಇಸ್ತ್ರಿಯ ಅಂಗಿ ತೊಟ್ಟು ಬಂದರು. ಹೆಂಡತಿ ಬಾಗಿಲಲ್ಲಿ, "ಏನ್ರೀ, ಹೆಣ್ಣು ನೋಡೋಕೆ ಹೊರಟಂಗಿದೆ!" ಎಂದು ಕಿಚಾಯಿಸಿದ್ದಳು. ಯಜಮಾನರು ಕೆಳಗೆ ಬಂದ ಸುದ್ದಿ ಬಂತು. ಸಾಹೇಬರು ಇಂಡೆಕ್ಸ್ ಕಟ್ಟುವ ಅಪ್ಪಣೆಯ ಕೀಲಿ ಒತ್ತಿ, ಕಾಲರು ಸರಿಮಾಡಿಕೊಂಡು ಮೆಟ್ಟಿಲಿಳಿದರು.

ಕೌಂಟರಿನಲ್ಲಿ ಭಾವ ಒಬ್ಬ ಅಜ್ಜಿಗೆ ವಾಷಿಂಗ್ ಮೆಶಿನ್ನಿನ ಬೆಲ್ಟು ಕೊಟ್ಟು ಬಿಲ್ ಒತ್ತಿದ್ದರು. ಒಂದು ಬೆಲ್ಟು ಮಾರಿದರೆ ಸ್ಟಾಕಿನಲ್ಲಿ ಒಂದು ಕಡಿಮೆ ಎಂದು ಅದೇ ಟೇಬಲ್ಲಿನಲ್ಲಿ ಬರೆಯಬೇಕು. ಬರೆಯಲಾಗಲಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತ ನಿಂತಿತು. ಪಕ್ಕದ ಬಿಲ್ಲೂ ನಿಂತಿತು. ಅದರ ಪಕ್ಕದ್ದೂ.

"ಏನಿದು?" ಎಂದರು ಯಜಮಾನರು. "ಮುಂಚೆ ಹುಡುಕೋದು ಮಾತ್ರ ನಿಧಾನ ಇತ್ತು. ಈಗ ಮಾರೋದೂ ನಿಂತೋಯ್ತಾ?"

"ಬೆಲ್ಟು ಕೈಲಿದೆ, ಹೋಗ್ಲಾ?" ಎಂದಳು ಅಜ್ಜಿ.

"ಬಿಲ್ ಇಲ್ದೆ ಹೇಗೆ ಹೋಗ್ತೀರಮ್ಮಾ, ನಿಂತ್ಕೊಳ್ಳಿ," ಎಂದರು ಭಾವ.

"ನಿಂತೇ ಇದೀನಲ್ಲಪ್ಪಾ. ಕೂತ್ಕೊಳ್ಳೋಕೆ ನೀವು ಕುರ್ಚಿ ಎಲ್ಲಿಟ್ಟಿದೀರಿ?"

ಸಾಲಿನಲ್ಲಿ ನಗು ಎದ್ದಿತು. ಭಾವ ತಮ್ಮ ಕುರ್ಚಿಯನ್ನೇ ತಂದು ಅಜ್ಜಿಗೆ ಹಾಕಿದರು, ಹಿಂದಿನವರಿಗೆಲ್ಲ ನೀರು ತರಿಸಿದರು, ಒಬ್ಬೊಬ್ಬರ ಮಾಡೆಲ್ ಕೇಳಿ ವಸ್ತು ತೆಗೆದಿಡಿಸಿದರು. ಸಾಹೇಬರು ಮಾತ್ರ ಕಂಬಕ್ಕೆ ಒರಗಿ, ಪರದೆಯ ಚಕ್ರವನ್ನೇ ನೋಡುತ್ತ ಮನಸ್ಸಿನಲ್ಲಿ ಬೇಗ ಬೇಗ ಎನ್ನುತ್ತಿದ್ದರು.

ಕೌಂಟರಿನ ಫೋನ್ ಹೊಡೆದುಕೊಂಡಿತು. ಕೈ ತುಂಬ ಸಾಮಾನಿದ್ದ ಭಾವ ಸ್ಪೀಕರ್ ಒತ್ತಿದರು. ಮೇಲಿನ ಆಫೀಸಿನಿಂದ ಮೇಡಮ್ಮಿನ ದನಿ ಸಾಲಿನ ಕೊನೆಯವರಿಗೂ ಕೇಳುವಂತೆ ಬಂತು.

"ಯಾರೋ ಕೌಂಟರ್ ಹೊತ್ತಲ್ಲಿ ಟೇಬಲ್ ಹಿಡ್ಕೊಂಡು ಕೂತಿದಾರೆ. ಇಲ್ಲಿ ಕಾಣ್ತಿದೆ. ಜಿನ್ ಇಂಡೆಕ್ಸ್ ಕಟ್ತಿದಾರೆ. ಹೆಸರು 'ಹಿರಿಯ ವಿಶೇಷ' ಅಂತೆ. ಲಾಗಿನ್ ನಮ್ಮ ಮೂಲತಃ ಸಾಹೇಬರದು. ಅವರಿದಾರಾ ಅಲ್ಲಿ? ಕೇಳಿ, ನಿಲ್ಲಿಸ್ಲಾ, ಬಿಡ್ಲಾ?"

ಎಲ್ಲರೂ ಕಂಬದ ಕಡೆ ತಿರುಗಿದರು. ನಿಲ್ಲಿಸಿ ಎಂದರೆ ಬಿಲ್ಲು ಓಡುತ್ತದೆ, ಹುಡುಕಾಟ ಆಮೆಯಾಗಿಯೇ ಉಳಿಯುತ್ತದೆ, ಕೋಣೆಗೆ ರಟ್ಟಿನ ಡಬ್ಬ ಬರುತ್ತದೆ. ಬಿಡಿ ಎಂದರೆ, ಇಷ್ಟು ತಿಂಗಳು ತಾವು ಬೇಡವೆಂದದ್ದು ಬೇಕೆಂದ ಹಾಗೆ. ಮೂಲತಃ ಸಾಹೇಬರ ಬಾಯಿಂದ ಆ ಹೊತ್ತಿನಲ್ಲಿ ಹೊರಟದ್ದು ಒಂದೇ ಪದ, ಅದೂ ಒಣಗಿದ್ದು.

"ಬಿಡಿ."

"ಯಾಕೆ?" ಎಂದಿತು ಫೋನು. ಸುಮ್ಮನೆ ಬಿಡುವ ಹೆಂಗಸಲ್ಲ.

"ಅದು… ಸರಿ ಇದೆ."

"ಯಾವುದ್ರೀ ಸರಿ ಇದೆ?" ಯಜಮಾನರು ಹುಬ್ಬುಗಂಟಿಕ್ಕಿದರು.

"ಅವರು ಹೇಳಿದ್ದು. ಜಿನ್ನು. ಪ್ರಶ್ನೆ ಬದಲಾಯ್ಸಬೇಕು ಅಂತಾನೂ ಹೇಳಿದ್ರು. ಅದೂ ಸರಿ."

"ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ," ಎಂದರು ಮೇಡಂ. ಕೇಳಿಸಿತ್ತು. ಎರಡನೇ ಸಲ ಹೇಳಿಸಿದರು.

ಇನ್ನು ಸ್ವಲ್ಪ ಹೊತ್ತಿಗೆ ಚಕ್ರ ನಿಂತು ಬಿಲ್ಲುಗಳು ಒಂದರ ಹಿಂದೊಂದು ಹೊರಬಿದ್ದವು. ಭಾವ ಮುಂದಿನವರ ಫ್ರಿಜ್ ಮಾಡೆಲ್ ಟೈಪ್ ಮಾಡಿದರು. ಪಟ್ಟಿ ತಟ್ಟನೆ ಬಂತು. ಭಾವನೇ ಬೆಚ್ಚಿ, ತಪ್ಪು ಕೀಲಿ ಒತ್ತಿದೆನೇನೋ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಮತ್ತೊಂದು ಹಾಕಿದರು. ಅದೂ ಬಂತು. ಮಧ್ಯಾಹ್ನದೊಳಗೆ ಸಾಲು ಬೀದಿಯಿಂದ ಒಳಬಂದು, ಕರಗಿಹೋಯಿತು.

ಯಜಮಾನರು ಸಾಹೇಬರು, ಮೇಡಂ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. "ಇಬ್ಬರೂ ಹೇಳೋದು ಒಂದೇ ಆದ್ಮೇಲೆ ಇಷ್ಟು ದಿನ ಕಿತ್ತಾಡಿದ್ದು ಏನಕ್ಕೆ? ಒಬ್ಬರು ಬರೆದ್ರೆ ಓದೋಕಾಗಲ್ಲ. ಇನ್ನೊಬ್ಬರು ಓದಿದ್ರೆ ಹೇಳಲ್ಲ. ಜನ ನಿಂತಾಗ ಜೊತೆಗೆ ನಿಂತಿದ್ದು ಇವರೊಬ್ಬರೇ," ಎಂದು ಭಾವನ ಕಡೆ ಕೈ ತೋರಿಸಿದರು. "ಇನ್ಮೇಲೆ ಇವರೇ ಮುಖ್ಯಸ್ಥರು. ಏನು ಕಟ್ಟೋದಿದ್ರೂ, ಕೆಡವೋದಿದ್ರೂ ಇವರನ್ನ ಕೇಳಿ."

"ನಾನಾ?" ಎಂದರು ಭಾವ. "ನನಗೆ ಇಂಡೆಕ್ಸ್ ಅಂದ್ರೆ ಏನು ಅಂತಾನೂ ಗೊತ್ತಿಲ್ವಲ್ಲ."

"ಗೊತ್ತಿರೋರ ಕೈಲಿ ಕೊಟ್ಟು ನೋಡಿ ಆಯ್ತಲ್ಲ," ಎಂದು ಯಜಮಾನರು ಕಾರು ಹತ್ತಿದರು. ತಮ್ಮ ತೀರ್ಮಾನದ ಜಾಣತನವನ್ನು ತಾವೇ ಮೆಚ್ಚಿಕೊಂಡು ದಾರಿಯುದ್ದಕ್ಕೂ ನಕ್ಕಿರಬೇಕು.

ಡೇಟಾಬೇಸಿನ ಗಂಧಗಾಳಿ ಇಲ್ಲದವರೊಬ್ಬರು ಡೇಟಾಬೇಸಿನ ಮುಖ್ಯಸ್ಥರಾದರು. ಮೇಡಂ ಇದರ ವಿರುದ್ಧ ಎಲ್ಲರಿಗೂ ಮೇಲ್ ಬರೆದರು. ಮೊದಲಿನದಕ್ಕಿಂತ ಉದ್ದವಿತ್ತು, ಯಾರೂ ಓದಲಿಲ್ಲ. ಭಾವ ಬಾಗಿಲಿರುವ ಕೋಣೆಗೆ ಹೋಗಲೊಪ್ಪಲಿಲ್ಲ. ಅಲ್ಲಿ ಕೂತರೆ ಯಾರೂ ಕಾಣುವುದಿಲ್ಲವಂತೆ. ಕೌಂಟರಿನಲ್ಲಿದ್ದುಕೊಂಡೇ ಮೊದಲ ಆಜ್ಞೆ ಹೊರಡಿಸಿದರು: ಯಾರಿಗೆ ಏನು ಬೇಕಿದ್ದರೂ ಕೆಳಗೆ ಬಂದು, ಸಾಲಿನಲ್ಲಿ ನಿಂತು ಕೇಳಬೇಕು. ಮನೆಯಲ್ಲಿ ಅಕ್ಕ ತಮ್ಮನನ್ನು ಸಮಾಧಾನ ಮಾಡಲು ಹೋಗಿ, "ಹೋಗ್ಲಿ ಬಿಡೋ, ಹೊರಗಿನವರ ಕೈ ಕೆಳಗಂತೂ ಅಲ್ವಲ್ಲ," ಎಂದು ಹುಣ್ಣಿಗೆ ಉಪ್ಪು ಸವರಿದಳು.

ಮಾರನೆಯ ದಿನ ಮೂಲತಃ ಸಾಹೇಬರು, ಮಿಕ್ಸಿ ಜಾರಿನ ಮುಚ್ಚಳ ಹಿಡಿದಿದ್ದ ಒಬ್ಬರ ಹಿಂದೆ, ಸಾಲಿನಲ್ಲಿ ನಿಂತಿದ್ದರು. ಸರದಿ ಬಂತು.

"ಏನು ಬೇಕಿತ್ತು?" ಎಂದರು ಭಾವ, ಕಿವಿಯ ಪೆನ್ನು ಮುಟ್ಟಿಕೊಳ್ಳುತ್ತ.

"ಅರೇ ಕಾಲಂ ಮೇಲೆ ಒಂದು ಬಿ-ಟ್ರೀ ಇದೆ. ಅದನ್ನ ತೆಗೀಬೇಕು. ಸುಮ್ನೆ ಜಾಗ ತಿಂತಿದೆ. ಪ್ರತಿ ಸಲ ಬರೆಯೋವಾಗ ಅದಕ್ಕೂ ಬರೆದು ನಿಧಾನ ಆಗ್ತಿದೆ."

"ಯಾರು ಹಾಕಿದ್ದು ಅದನ್ನ?"

ಹಿಂದೆ ನಿಂತವರು ಕತ್ತು ಚಾಚಿದರು. ಸಾಹೇಬರು ಗಾಜಿನ ಮೇಲೆ ಬಗ್ಗಿ, ಆದಷ್ಟೂ ಮೆಲ್ಲಗೆ ಹೇಳಿದರು.

"ಸ್ವಲ್ಪ ಜೋರಾಗಿ ಹೇಳಪ್ಪಾ," ಎಂದರು ಭಾವ. "ಇಲ್ಲಿ ಫ್ಯಾನ್ ಸದ್ದು."